ಒಂದೂವರೆ ಇಂಚು

ಜೂನ್ 4

ಪ್ರೀತಿಯ ಗಡಿಬಿಡಿ,

ಈ ಪತ್ರದಲ್ಲಿ ನಿನ್ನ ಎಡಗೈಯ ವಿಷಯ ಎತ್ತಬಾರದು ಎಂದುಕೊಂಡೇ ಕೂತಿದ್ದೆ. ಕ್ಷೇಮ ಸಮಾಚಾರ ಕೇಳಿ, ಸಂಗೀತ ಶಾಲೆಯ ಹೊಸ ಕಟ್ಟಡದ ಬಗ್ಗೆ ನಾಲ್ಕು ಸಾಲು ಬರೆದು ಸಹಿ ಹಾಕಿಬಿಡುವ ಯೋಚನೆಯಿತ್ತು. ಹಾಗೆ ಬರೆದೂ ಆಗಿತ್ತು. ಓದಿ ನೋಡಿದಾಗ ನನಗೇ ನಾಚಿಕೆಯಾಯಿತು. ಮೂರು ವರ್ಷ ಸುಮ್ಮನಿದ್ದವಳು ಕಟ್ಟಡದ ಸುದ್ದಿ ಹೇಳಲು ಯಾಕೆ ಬರೆಯುತ್ತಾಳೆ? ಅದನ್ನು ಹರಿದು ಇದನ್ನು ಶುರುಮಾಡಿದ್ದೇನೆ. ನಾನಿಟ್ಟ ಅಡ್ಡಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕು ಈಗಲೂ ಇದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಕರೆದರೂ ಯಾರಿಗೋ ಬರೆಯುತ್ತಿದ್ದೇನೆ ಅನ್ನಿಸುತ್ತಿತ್ತು.

ವಿಳಾಸ ಕೊಟ್ಟವರು ನಿನ್ನ ಅಮ್ಮ. ಫೋನ್ ನಂಬರ್ ಕೊಡಲಿಲ್ಲ. "ಬರೆದ್ರೆ ಓದ್ತಾಳೋ ಏನೋ, ನಿಮ್ಮ ಫೋನ್ ಅಂತೂ ಎತ್ತಲ್ಲ" ಎಂದರು.

ಕಳೆದ ಮಂಗಳವಾರ ನನ್ನ ವಯೋಲಾಗೆ ಹೊಸ ಪೆಟ್ಟಿಗೆ ಮಾಡಿಸಲು, ನಮ್ಮ ವಾದ್ಯಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಅಂಟಿನ ತಾತನ ಅಂಗಡಿಗೆ ಹೋಗಿದ್ದೆ. ಈಗ ಅಂಗಡಿ ನೋಡಿಕೊಳ್ಳುವವಳು ಮಗಳು. ತಾತ ಒಳಗಿನ ಕೋಣೆಯಲ್ಲಿ ಕೂತು ಸಣ್ಣಪುಟ್ಟದ್ದು ಕೆತ್ತಿಕೊಂಡಿರುತ್ತಾರೆ. ಅದೇ ಬಿಸಿ ಅಂಟಿನ ವಾಸನೆ, ತಂತಿಯಲ್ಲಿ ಸಾಲಾಗಿ ತೂಗುವ ಬೆನ್ನಿಲ್ಲದ ವಯೊಲಿನ್‌ಗಳು, ಅವುಗಳ ದೊಡ್ಡಕ್ಕನಂಥ ವಯೋಲಾಗಳು. ಮಗಳು ಅಳತೆ ತೆಗೆದುಕೊಳ್ಳಲು ಬಂದಳು.

"ಹದಿನೇಳೂ ಕಾಲು ಇಂಚು, ಬರ್ಕೋ" ಎಂದೆ.

"ಅಳೆದೇ ಬರ್ಕೋತೀನಿ ಮೇಡಂ. ಪೆಟ್ಟಿಗೆ ಒಂದ್ಸಲ ಮಾಡಿದ್ರೆ ಮುಗೀತು, ಆಮೇಲೆ ಹಿಗ್ಗಿಸೋಕಾಗಲ್ಲ."

ವಯೋಲಾದ ಬೆನ್ನಿನ ಮೇಲೆ ಟೇಪು ಇಟ್ಟಳು. ತೆಗೆದಳು. ಮತ್ತೆ ಇಟ್ಟಳು.

"ಹದಿನೈದೂ ಮುಕ್ಕಾಲು."

"ನಿನ್ನ ಟೇಪು ಸರಿ ಇಲ್ಲ."

"ಇದು ಸ್ಟೀಲಿಂದು ಮೇಡಂ. ದಿನಕ್ಕೊಂದು ಥರ ಮನಸ್ಸು ಬದಲಾಗಲ್ಲ ಇದಕ್ಕೆ."

ಮರದ ಅಳತೆಗೋಲು ತರಿಸಿ ನಾನೇ ಅಳೆದೆ. ಹದಿನೈದೂ ಮುಕ್ಕಾಲು. ಅಷ್ಟರಲ್ಲಿ ಅವಳು ವಾದ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚನ್ನು ನೋಡುತ್ತಿದ್ದಳು. "ಮರಕ್ಕೆ ನೂರು ವರ್ಷ ಆಗಿದೆ. ಅಂಚಿನ ಈ ಕಪ್ಪುಗೆರೆಗೆ ಮೂವತ್ತೂ ಆಗಿಲ್ಲ. ಯಾರೋ ಮೇಲೊಂದಿಷ್ಟು ಕೆಳಗೊಂದಿಷ್ಟು ಕಡಿದು, ಮತ್ತೆ ಗೆರೆ ಕೂರಿಸಿದಾರೆ. ಕೆಲಸ ಮಾತ್ರ ಎಷ್ಟು ಚೆನ್ನಾಗಿದೆ ಅಂದ್ರೆ..." ಎನ್ನುತ್ತಿದ್ದವಳು ಮಾತು ನಿಲ್ಲಿಸಿದಳು. ಅಷ್ಟು ಚೆನ್ನಾಗಿ ಆ ಕೆಲಸ ಮಾಡುವವರು ಈ ಊರಲ್ಲಿ ಒಬ್ಬರೇ. "ಅಪ್ಪಾ" ಎಂದು ಕೂಗಿದಳು.

ತಾತ ಬಂದರು. ಮೇಜಿನ ಮೇಲೆ ಬಿದ್ದಿದ್ದ ಟೇಪನ್ನು ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟರು. "ಗೊತ್ತಾಯ್ತಾ" ಎಂದರು. ಆಮೇಲೆ ಎಲ್ಲ ಹೇಳಿದರು.

ನನ್ನ ಮೇಷ್ಟ್ರನ್ನು ನೀನು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ ನೋಡಿದ್ದೀಯ. ಆರಡಿ ಮೀರಿದ ಮನುಷ್ಯ, ಅವರ ವಯೋಲಾ ಹದಿನೇಳೂ ಕಾಲು ಇಂಚು. ನನಗೆ ಹತ್ತೊಂಬತ್ತು ವರ್ಷವಿದ್ದಾಗ ಅವರು ನನಗೊಂದು ಚಿಕ್ಕ ವಯೋಲಾ ಕೊಡಿಸಿದ್ದರು. ಗಂಡು ಹುಡುಗರಿಗೆಲ್ಲ ದೊಡ್ಡದು, ನನಗೆ ಮಾತ್ರ ಮಕ್ಕಳ ಆಟಿಕೆಯಾ ಎಂದು ಎರಡು ತಿಂಗಳು ಪಾಠಕ್ಕೆ ಹೋಗಲಿಲ್ಲ. ಮೂರನೆಯ ತಿಂಗಳು ಅವರು ತಮ್ಮದನ್ನೇ ನನ್ನ ಕೈಗಿಟ್ಟು, "ತಗೋ, ಇದನ್ನ ಪಳಗಿಸಿದ್ರೆ ನೀನು ಗೆದ್ದೆ" ಎಂದರು. ನಾನು ಪಳಗಿಸಿದೆ. ಅದು ನನ್ನ ಬದುಕಿನ ಕಥೆಯೇ ಆಯಿತು. ಈ ಕಥೆಯನ್ನು ನೀನು ನನ್ನ ಬಾಯಲ್ಲಿ ಎಷ್ಟು ಸಲ ಕೇಳಿದ್ದೀಯೋ.

ಆ ಎರಡು ತಿಂಗಳಲ್ಲಿ ಮೇಷ್ಟ್ರು ತಮ್ಮ ವಯೋಲಾವನ್ನು ತಾತನ ಬಳಿ ತಂದಿದ್ದರಂತೆ. "ಆ ಹುಡುಗಿ ಹಟ ಕಡಿಯೋಕಾಗಲ್ಲ, ನೀನು ಮರ ಕಡಿ" ಎಂದಿದ್ದರಂತೆ. ಯಾರಿಗೂ ಹೇಳಕೂಡದು ಎಂದು ಮಾತು ತೆಗೆದುಕೊಂಡಿದ್ದರಂತೆ.

ಹಳೆಯ ಪೆಟ್ಟಿಗೆಯ ಬುಡದಲ್ಲಿ ಒಂದು ಟವೆಲ್ ಇರುತ್ತಿತ್ತಲ್ಲ, ವಾದ್ಯ ಕುಲುಕಬಾರದೆಂದು? ಅದನ್ನು ಮೇಷ್ಟ್ರೇ ಇಟ್ಟುಕೊಟ್ಟಿದ್ದರು. ಇಪ್ಪತ್ತೇಳು ವರ್ಷ ಅದನ್ನು ಒಗೆದು, ಮಡಚಿ, ಅದೇ ಜಾಗದಲ್ಲಿ ಇಟ್ಟಿದ್ದೇನೆ. ಪೆಟ್ಟಿಗೆಯೊಳಗೆ ಆ ಜಾಗ ಯಾಕಿದೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಮೊದಲ ದಿನ ನಿನ್ನ ಅಂಗೈಗೆ ನನ್ನ ಅಂಗೈ ಜೋಡಿಸಿ, "ನೋಡು, ನನ್ನ ಕೈ ನಿನ್ನದಕ್ಕಿಂತ ಚಿಕ್ಕದು. ನನಗೆ ಆಗೋದು ನಿನಗೆ ಯಾಕಾಗಲ್ಲ?" ಎಂದಿದ್ದೆ. ನನ್ನ ಪ್ರತಿಯೊಬ್ಬ ವಿದ್ಯಾರ್ಥಿಗೂ ಹಾಗೇ ಮಾಡಿದ್ದೇನೆ. ನಿನಗೆ ಹದಿನೇಳು ಇಂಚಿನದನ್ನು ಕೊಡಿಸಿದೆ. ಬೆರಳು ಜೋಮು ಹಿಡಿಯುತ್ತಿದೆ ಎಂದು ನೀನು ಹೇಳಿದಾಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ನಿನ್ನ ಕೈ ಈಗ ಹೇಗಿದೆ?

ಮೇಡಂ


ಜೂನ್ 19

ಮೇಡಂ,

ಪತ್ರ ತಲುಪಿತು.

ಕೈ ಹೇಗಿದೆ ಎಂದು ಕೇಳಿದ್ದೀರಿ. ಉಂಗುರದ ಬೆರಳು ಅರ್ಧ ಎಚ್ಚರ, ಕಿರುಬೆರಳು ಪೂರ್ತಿ ನಿದ್ದೆ. ಅಂಗಿಯ ಗುಂಡಿಯನ್ನು ಬಲಗೈಯಿಂದಲೇ ಹಾಕಿಕೊಳ್ಳುತ್ತೇನೆ. ಬಿಸಿ ಲೋಟ ಹಿಡಿದರೆ ಸುಡುವುದು ತಡವಾಗಿ ಗೊತ್ತಾಗುತ್ತದೆ. ವೈದ್ಯರು ಮೊಣಕೈಯ ಹತ್ತಿರ ನರ ಒತ್ತಿಹೋಗಿದೆ ಎಂದರು. ಒಂದು ವರ್ಷ ಮೊದಲೇ ಬಂದಿದ್ದರೆ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ನೀವು ಬರೆಯಲಾರೆ ಎಂದ ಮಾತನ್ನು ನಾನು ಬರೆಯುತ್ತೇನೆ. "ಜೋಮು ಹಿಡಿದಿರೋದು ಬೆರಳಿಗಲ್ಲ, ನಿನ್ನ ಶ್ರದ್ಧೆಗೆ." ಅದನ್ನು ನೀವು ಮೆಲ್ಲಗೆ, ಕಮಾನಿಗೆ ರಾಳ ಉಜ್ಜುತ್ತಾ, ನನ್ನ ಕಡೆ ನೋಡದೆ ಹೇಳಿದ್ದಿರಿ. ನಾನು ಅದನ್ನು ನಂಬಿದೆ. ಇನ್ನೂ ಎಂಟು ತಿಂಗಳು, ದಿನಕ್ಕೆ ಐದು ಗಂಟೆ ಅಭ್ಯಾಸ ಮಾಡಿದೆ. ಶ್ರದ್ಧೆ ಬಂದರೆ ಜೋಮು ಹೋಗುತ್ತದೆ ಎಂದುಕೊಂಡಿದ್ದೆ.

ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬಂದವರ ಕಣ್ಣಿನ ನಡುವಿನ ಅಂತರ, ಮೂಗಿನ ಅಗಲ, ಕಿವಿಯವರೆಗಿನ ಉದ್ದ ಅಳೆಯುವುದು ನನ್ನ ಕೆಲಸ. ಅಂಗಡಿಯ ಯಜಮಾನರು ಮೊದಲ ದಿನವೇ ಹೇಳಿದರು, "ಮುಖಕ್ಕೆ ತಕ್ಕ ಫ್ರೇಮು ಹುಡುಕಮ್ಮ, ಫ್ರೇಮಿಗೆ ತಕ್ಕ ಮುಖ ಹುಡುಕ್ತಾ ಕೂತ್ರೆ ಅಂಗಡಿ ಮುಚ್ಚಬೇಕಾಗತ್ತೆ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನನ್ನದೊಂದೇ ಪ್ರಶ್ನೆ. ಈಗ ನಿಮ್ಮ ಬಳಿ ದೊಡ್ಡ ವಯೋಲಾ ಹಿಡಿದವರು ಎಷ್ಟು ಜನ ಇದ್ದಾರೆ?

ನಿಮ್ಮ ಹಳೆಯ ವಿದ್ಯಾರ್ಥಿನಿ


ಜುಲೈ 2

ಪ್ರೀತಿಯ ಗಡಿಬಿಡಿ,

ಎಂಟು ತಿಂಗಳು ಎಂದು ಬರೆದಿದ್ದೀಯ. ಆ ಎಂಟು ತಿಂಗಳಲ್ಲಿ ನೀನು ಸುಧಾರಿಸುತ್ತಿದ್ದೀಯ ಎಂದು ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ತೆಗೆದು ನೋಡಿದೆ. ನನ್ನದೇ ಕೈಬರಹ, ದುಂಡಗೆ, ಖುಷಿಯಲ್ಲಿರುವವರು ಬರೆಯುವ ಹಾಗಿದೆ.

ಹೊಸ ಕಟ್ಟಡದ ಉದ್ಘಾಟನೆಯ ಸಮಾರಂಭಕ್ಕೆ ನಡೆಯುತ್ತಿರುವ ತಾಲೀಮಿನಲ್ಲಿ ಏನಾಯಿತು ಹೇಳುತ್ತೇನೆ. ವಾದ್ಯವೃಂದದಲ್ಲಿ ವಯೋಲಾ ಸಾಲಿನ ಮೊದಲ ಕುರ್ಚಿ ಈಗಲೂ ನನ್ನದೇ. ನಿಧಾನಗತಿಯ ಭಾಗದಲ್ಲಿ ಉಳಿದವರೆಲ್ಲ ನಿಲ್ಲಿಸಿ, ನನ್ನ ವಯೋಲಾ ಮಾತ್ರ ಒಂಬತ್ತು ಸಾಲು ನುಡಿಸಬೇಕು. ನೂರು ಸಲ ನುಡಿಸಿದ್ದು. ಆವತ್ತು ಎಡಗೈ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಲೆಕ್ಕ ಹಾಕತೊಡಗಿತು. ಇಲ್ಲಿಂದ ಅಲ್ಲಿಗೆ ಎಷ್ಟು? ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ ತಾನೆ? ಇಪ್ಪತ್ತೇಳು ವರ್ಷ ಕತ್ತಲಲ್ಲೂ ಮೆಟ್ಟಿಲಿಳಿದವಳು ಮೆಟ್ಟಿಲು ಎಣಿಸಿದೊಡನೆ ಎಡವಿದ ಹಾಗಾಯಿತು. ಸ್ವರ ತಪ್ಪಿತು. ಒಂದಲ್ಲ, ನಾಲ್ಕು. ವೃಂದದ ನಿರ್ದೇಶಕರು ಕೈ ಇಳಿಸಿದರು. ಪಕ್ಕದ ಕುರ್ಚಿಯವಳು, "ಏನ್ರೀ, ಇವತ್ತು ವಯೋಲಾ ನಿಮ್ಮ ಮೇಲೆ ಮುನಿಸ್ಕೊಂಡಿದೆಯಾ?" ಎಂದು ಪಿಸುಗುಟ್ಟಿದಳು. ನಕ್ಕೆ. ಎದ್ದುಹೋಗಿ ಕೈ ತೊಳೆದುಕೊಂಡೆ, ಕೈ ಕೊಳೆಯಾಗಿದ್ದ ಹಾಗೆ.

ನಿನ್ನ ಪ್ರಶ್ನೆಗೆ ಇನ್ನೂ ಉತ್ತರ ಬರೆದಿಲ್ಲ ಎಂದು ನನಗೆ ಗೊತ್ತಿದೆ.

ಆರು ಜನ. ಅವರಲ್ಲಿ ಉದ್ದ ಜಡೆಯವಳೊಬ್ಬಳು, ಹದಿನಾರು ವರ್ಷ. ಹತ್ತನೆಯ ವಯಸ್ಸಿನಿಂದ ನನ್ನ ಬಳಿ ಇದ್ದಾಳೆ, ಚಿಕ್ಕ ಮಕ್ಕಳ ತರಗತಿಯಲ್ಲಿ ನೀನು ನೋಡಿರಲೂಬಹುದು. ಹದಿನಾಲ್ಕಕ್ಕೇ ದೊಡ್ಡ ವಯೋಲಾ ಕೊಡಿಸಿದೆ. ಆಗಸ್ಟ್ 10ಕ್ಕೆ ಅವಳಿಗೆ ವಾದ್ಯವೃಂದದ ಆಯ್ಕೆ ಪರೀಕ್ಷೆ. ಅವಳ ಕೈ ನಿನ್ನದಕ್ಕಿಂತಲೂ ಚಿಕ್ಕದು. ಅವಳು ನುಡಿಸುತ್ತಿದ್ದರೆ ಬೇರೆ ಕೋಣೆಯ ಮಕ್ಕಳು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

ನಾನಿನ್ನೂ ಯಾರಿಗೂ ಹೇಳಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡಿದ್ದೇನೆ. ಹೀಗೆ ಬರೆದ ಮೇಲೆ ಅದು ಎಂಥ ಮಾತು ಎಂದು ಕಾಣುತ್ತಿದೆ. ಆದರೂ ಹೊಡೆದುಹಾಕದೆ ಕಳಿಸುತ್ತಿದ್ದೇನೆ. ನೀನು ನೋಡಬೇಕು.

ಮೇಡಂ


ಜುಲೈ 12

ಮೇಡಂ,

ನನಗೆ ಮೂರು ವರ್ಷದಿಂದ ಗೊತ್ತಿತ್ತು.

ಕೂತುಕೊಂಡು ಓದಿ. ನಾನು ಶಾಲೆ ಬಿಟ್ಟ ದಿನ ವಯೋಲಾ ವಾಪಸು ಕೊಡಲು ಅಂಟಿನ ತಾತನ ಅಂಗಡಿಗೆ ಹೋಗಿದ್ದೆ. ಪೆಟ್ಟಿಗೆಯ ಚಿಲಕ ತೆಗೆಯಲು ನನ್ನ ಎಡಗೈಗೆ ಆಗಲಿಲ್ಲ. ತಾತ ಕೈ ಹಿಡಿದು ಒಂದೊಂದೇ ಬೆರಳು ಒತ್ತಿ, "ಇದು ಗೊತ್ತಾಗತ್ತಾ? ಇದು?" ಎಂದು ಕೇಳಿದರು. ಆಮೇಲೆ ಕನ್ನಡಕ ತೆಗೆದು ಅಳತೊಡಗಿದರು. "ನಿಮ್ಮ ಮೇಡಂದು ಇದಕ್ಕಿಂತ ಎಷ್ಟೋ ಗಿಡ್ಡ ಕಣಮ್ಮ. ಅದನ್ನ ಈ ಕೈಯಲ್ಲೇ ಕಡಿದಿದ್ದು. ಆಯಮ್ಮಂಗೆ ಗೊತ್ತಿಲ್ಲ, ಪಾಪ" ಎಂದರು. ಪಾಪ ಎಂದಿದ್ದು ನಿಮಗೆ. ನನ್ನ ಕೈ ಇನ್ನೂ ಅವರ ಕೈಯಲ್ಲೇ ಇತ್ತು.

ಅಲ್ಲಿಂದ ನೇರವಾಗಿ ಸಭಾಂಗಣಕ್ಕೆ ಬಂದೆ, ನಿಮ್ಮ ಮುಖಕ್ಕೆ ಹೇಳಬೇಕೆಂದು. ಪಕ್ಕದ ಬಾಗಿಲು ತೆರೆದಿತ್ತು. ನೀವು ಆ ಒಂಬತ್ತು ಸಾಲನ್ನು ನುಡಿಸುತ್ತಿದ್ದಿರಿ. ಹೇಳಿದರೆ ನಿಮ್ಮ ಕೈಯೂ ಹೋಗುತ್ತದೆ, ಒಂದು ಕೈ ಹೋಗಿದ್ದು ಸಾಕು ಎಂದುಕೊಂಡು ವಾಪಸು ಹೋದೆ.

ಇದು ನಾನು ನನಗೇ ಹೇಳಿಕೊಳ್ಳುವ ಉತ್ತರ. ಕೇಳಲು ಚೆನ್ನಾಗಿದೆ. ನಿಜ ಇನ್ನೊಂದಿದೆ. ಪೇಪರಿನಲ್ಲಿ ನಿಮ್ಮ ಫೋಟೋ ಬಂದಾಗ, "ಚಿಕ್ಕ ಕೈ, ದೊಡ್ಡ ವಾದ್ಯ" ಎಂದು ಬರೆದಾಗ, ಅಮ್ಮ ಅದನ್ನು ಕತ್ತರಿಸಿ ಇಟ್ಟುಕೊಂಡಾಗ, ಅದೆಲ್ಲ ಸುಳ್ಳು ಎಂದು ನನಗೊಬ್ಬಳಿಗೇ ಗೊತ್ತು ಎನ್ನುವುದು ನನಗೆ ಹಿತವಾಗಿತ್ತು. ಅದೊಂದೇ ನನ್ನದು ಎಂದು ಉಳಿದಿತ್ತು. ಅದನ್ನು ನಿಮಗೂ ಕೊಡಲು ಮನಸ್ಸಾಗಲಿಲ್ಲ. ನಿಮಗೆ ಬೇರೆ ವಿದ್ಯಾರ್ಥಿಗಳು ಇದ್ದಾರೆ ಎಂದು ನಾನು ಯೋಚಿಸಲೇ ಇಲ್ಲ. ಯೋಚಿಸಲಿಲ್ಲ ಎಂದರೆ, ಯೋಚನೆ ಬಂದಾಗ ಎದ್ದು ಬೇರೆ ಕೆಲಸ ಹಿಡಿಯುತ್ತಿದ್ದೆ.

ಈಗ ಉದ್ದ ಜಡೆಯವಳು ಎಂದು ಬರೆದಿದ್ದೀರಿ. ಅವಳಿಗೆ ದೊಡ್ಡ ವಯೋಲಾ ಕೊಡಿಸಿದಾಗ ಹದಿನಾಲ್ಕು. ಅಂದರೆ ಎರಡು ವರ್ಷದ ಹಿಂದೆ. ಅಂದರೆ ನಾನು ಬಾಗಿಲಿಂದ ವಾಪಸು ಹೋದ ಮೇಲೆ. ನಿನ್ನೆ ಅಂಗಡಿಯಲ್ಲಿ ಒಬ್ಬರ ಅಳತೆಯನ್ನು ಮೂರು ಸಲ ತಪ್ಪು ಬರೆದೆ.

ನೀವು ಹೇಗೆ ಗಮನಿಸಲಿಲ್ಲ ಎನ್ನುವುದು ಮಾತ್ರ ನನಗೆ ಇಂದಿಗೂ ಅರ್ಥವಾಗುವುದಿಲ್ಲ. ನಮ್ಮೆಲ್ಲರ ವಯೋಲಾಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದಾಗ ನಿಮ್ಮದು ಕುಳ್ಳಗೆ ಕಾಣುತ್ತಿತ್ತು. "ಎಲ್ಲಾ ನಿಂತಿದಾವೆ, ಮೇಡಂದು ಮಾತ್ರ ಕೂತಿದೆ" ಎಂದು ನಾವು ನಗುತ್ತಿದ್ದೆವು. ನೀವು ಕೇಳಿಸಿಕೊಂಡು, "ನಂದು ಹಳೇ ಮಾದರಿ, ಅಗಲ ಜಾಸ್ತಿ, ಅದಕ್ಕೇ ಹಾಗೆ ಕಾಣತ್ತೆ" ಎನ್ನುತ್ತಿದ್ದಿರಿ.

ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ.

ಗಡಿಬಿಡಿ


ಜುಲೈ 20

ನಿನ್ನ ಪತ್ರ ಬಂತು. ಎರಡು ಸಲ ಉತ್ತರ ಬರೆದೆ. ಮೊದಲನೆಯದರಲ್ಲಿ ಬರೀ ಸಿಟ್ಟಿತ್ತು, ಎರಡನೆಯದರಲ್ಲಿ ಬರೀ ಒಳ್ಳೆಯತನ. ಎರಡೂ ಕಳಿಸುವ ಹಾಗಿರಲಿಲ್ಲ.

ಮೂರು ವರ್ಷ. ನಾನು ನಿಂತ ನೆಲದ ಕೆಳಗೆ ಏನಿದೆ ಎಂದು ನಿನಗೆ ಗೊತ್ತಿತ್ತು, ತಾತನಿಗೆ ಗೊತ್ತಿತ್ತು, ಸತ್ತ ಮೇಷ್ಟ್ರಿಗೂ ಗೊತ್ತಿತ್ತು.

ಸೋಮವಾರ ಆರೂ ಜನರನ್ನು ಒಟ್ಟಿಗೆ ಬರಹೇಳಿದ್ದೇನೆ. ಆಮೇಲೆ ಬರೆಯುತ್ತೇನೆ.

ಮೇಡಂ


ಆಗಸ್ಟ್ 5

ಮೇಡಂ,

ಎರಡು ಸೋಮವಾರ ಕಳೆದವು.

ಗಡಿಬಿಡಿ


ಆಗಸ್ಟ್ 13

ಪ್ರೀತಿಯ ಗಡಿಬಿಡಿ,

ಎರಡು ಸೋಮವಾರ ಯಾಕೆ ಕಳೆದವು ಎಂಬುದರಿಂದಲೇ ಶುರುಮಾಡುತ್ತೇನೆ. ಹೇಳಲು ಇಷ್ಟವಿಲ್ಲದ್ದು ಅದೇ.

ಎಲ್ಲರಿಗೂ ಒಟ್ಟಿಗೆ ಹೇಳುವ ಮುಂಚೆ ಜಡೆಯವಳಿಗೊಂದು ದಾರಿ ಮಾಡಿಡೋಣ ಎಂದುಕೊಂಡೆ. ಹದಿನೈದೂವರೆ ಇಂಚಿನ ಒಳ್ಳೆಯ ವಯೋಲಾ ಒಂದನ್ನು ತಂದು ಅವಳ ಮುಂದಿಟ್ಟೆ. "ಇನ್ಮೇಲೆ ಇದರಲ್ಲಿ ನುಡಿಸಮ್ಮ" ಎಂದೆ. ಅವಳು ಅದನ್ನು ಮುಟ್ಟಲಿಲ್ಲ.

"ನಾನು ಚೆನ್ನಾಗಿ ನುಡಿಸ್ತಿಲ್ವಾ ಮೇಡಂ?"

"ತುಂಬಾ ಚೆನ್ನಾಗಿ ನುಡಿಸ್ತೀಯ. ಅದಕ್ಕೇ."

"ಮತ್ತೆ ಯಾಕೆ ಚಿಕ್ಕದು? ನಿಮಗಾಗಿದ್ದು ನನಗಾಗಲ್ಲ ಅಂತಾನಾ?"

ಹತ್ತೊಂಬತ್ತು ವರ್ಷದ ನಾನೇ ಎದುರಿಗೆ ನಿಂತ ಹಾಗಿತ್ತು. ನಿಜ ಹೇಳಲು ಬಾಯಿ ತೆರೆದೆ, ಬಾಯಿಂದ ಬಂದದ್ದು, "ಹೋಗಲಿ ಬಿಡು, ಆಮೇಲೆ ನೋಡೋಣ." ಅವಳು ಮರುದಿನ ಪಾಠಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸೋಮವಾರದ ಸಭೆಯನ್ನು ಒಂದು ವಾರ ಮುಂದಕ್ಕೆ ಹಾಕಿದೆ, ಆಮೇಲೆ ಇನ್ನೊಂದು ವಾರ.

ಅವಳು ಬಾರದ ಮೂರನೆಯ ದಿನ ಅವಳ ವಯೋಲಾ ಎತ್ತಿಕೊಂಡು ಅಂಟಿನ ತಾತನ ಅಂಗಡಿಗೆ ಹೋದೆ. ಶ್ರುತಿ ಬಿರಡೆ ಸಡಿಲವಾಗಿದೆ, ಸರಿ ಮಾಡಿಸುತ್ತೇನೆ ಎಂದು ಅವಳ ಅಮ್ಮನ ಹತ್ತಿರ ಸುಳ್ಳು ಹೇಳಿ ತೆಗೆದುಕೊಂಡಿದ್ದೆ. ತಾತನ ಮಗಳಿಗೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ.

"ಅವಳಿಗೆ ಗೊತ್ತಾಗದ ಹಾಗೆ ಮಾಡ್ಬಹುದು ಮೇಡಂ. ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಡ್ತಾರೆ. ಪರೀಕ್ಷೆ ಈ ಸಲ ಆಗಲ್ಲ, ಮುಂದಿನ ಸಲಕ್ಕೆ ಆಗತ್ತೆ. ಹುಡುಗಿ ಕೈನೂ ಉಳಿಯತ್ತೆ, ಹಟಾನೂ ಉಳಿಯತ್ತೆ."

ನಾನು ಹೂಂ ಎಂದೆ. ಹೌದು, ಎಂದೆ. ನೀನು ಇಷ್ಟೆಲ್ಲ ಬರೆದ ಮೇಲೂ. ತಾತನ ಮಗಳು ಬಿಳಿ ಪೆನ್ಸಿಲ್ ತೆಗೆದುಕೊಂಡು ಎಲ್ಲಿ ಕಡಿಯಬೇಕೆಂದು ವಯೋಲಾದ ಹೊಟ್ಟೆಯ ಸುತ್ತ ಗೆರೆ ಎಳೆದಳು. ತಾತ ಹಿಂದಿನಿಂದ, "ಕೆಳಗೆ ಇನ್ನೊಂಚೂರು ಬಿಡು" ಎಂದರು. ನಾನು ಆ ಮೇಜಿನ ಅಂಚು ಹಿಡಿದು ನೋಡುತ್ತಿದ್ದೆ. ಮೇಷ್ಟ್ರು ನಿಂತಿದ್ದೂ ಇಲ್ಲೇ ಅಲ್ಲವೇ, ಅವರೂ ಹೀಗೇ ಒಳ್ಳೆಯದನ್ನೇ ಯೋಚಿಸುತ್ತಿದ್ದರು ಅಲ್ಲವೇ ಅನ್ನಿಸಿತು. ಅವರು ನನ್ನ ಕೈಯನ್ನು ಉಳಿಸಿದರು. ಹಾಗೆ ಉಳಿದ ಕೈಯನ್ನು ನಾನು ನಿನ್ನ ಅಂಗೈಗೆ ಜೋಡಿಸಿ ತೋರಿಸಿದೆ. ಈ ಹುಡುಗಿ ನಾಳೆ ಯಾರ ಅಂಗೈಗೆ ಜೋಡಿಸುತ್ತಾಳೆ?

"ಒರೆಸಿಬಿಡು" ಎಂದೆ. ಮಗಳು ನನ್ನ ಮುಖ ನೋಡಿದಳು. "ಮೇಡಂ, ಇದರಲ್ಲೂ ಮನಸ್ಸು ಬದಲಾಯ್ತಾ?" ಎಂದಳು, ತಮಾಷೆಗೆ. ಒರೆಸಿಕೊಟ್ಟಳು.

ಆಗಸ್ಟ್ 7, ಸೋಮವಾರ, ಆರೂ ಜನ ಬಂದರು. ಜಡೆಯವಳನ್ನು ಅವಳ ಅಮ್ಮ ಎಳೆದುಕೊಂಡೇ ಬಂದಿದ್ದರು. ನನ್ನ ವಯೋಲಾವನ್ನು ಮೇಜಿನ ಮೇಲೆ ಮಲಗಿಸಿ, ಎಲ್ಲರಿಗಿಂತ ಚಿಕ್ಕವಳ ಕೈಗೆ ಟೇಪು ಕೊಟ್ಟು, "ಅಳೆದು ಗಟ್ಟಿಯಾಗಿ ಓದು" ಎಂದೆ. ಓದಿದಳು. ತಪ್ಪು ಓದಿದೆನೇನೋ ಎಂದು ಹೆದರಿ ಮತ್ತೆ ಓದಿದಳು. ಎಲ್ಲ ಹೇಳಿದೆ. ಮೇಷ್ಟ್ರು, ತಾತ, ಟವೆಲ್ಲು, ಬಿಳಿ ಪೆನ್ಸಿಲ್ಲು ಎಲ್ಲ. ಹೆಸರು ಹೇಳದೆ ನಿನ್ನ ಬಗ್ಗೆಯೂ ಹೇಳಿದೆ.

ಎತ್ತರದ ಹುಡುಗಿಯೊಬ್ಬಳು ನಕ್ಕಳು, ಏನು ಮಾಡಬೇಕೆಂದು ತೋಚದೆ ಬರುವ ನಗು. ಇಬ್ಬರು ಪೆಟ್ಟಿಗೆ ಮುಚ್ಚಿಕೊಂಡು, ನಮಸ್ಕಾರವನ್ನೂ ಹೇಳದೆ ಹೊರಟುಹೋದರು. ಅವರು ಮತ್ತೆ ಬಂದಿಲ್ಲ.

ಆಗ ಜಡೆಯವಳು ತನ್ನ ಎಡಗೈಯನ್ನು ಮೇಜಿನ ಮೇಲೆ, ನನ್ನ ವಯೋಲಾದ ಪಕ್ಕದಲ್ಲಿ ಇಟ್ಟಳು.

"ಕಿರುಬೆರಳು ಎರಡು ತಿಂಗಳಿಂದ ಗೊತ್ತಾಗ್ತಿಲ್ಲ ಮೇಡಂ."

ಏನೆಂದೆನೋ ನನಗೆ ನೆನಪಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿರಬೇಕು.

"ಹೇಳಿದ್ರೆ ಶ್ರದ್ಧೆ ಇಲ್ಲ ಅಂತೀರ ಅಂತ ಎಲ್ರೂ ಹೇಳಿದ್ರು. ಹಿಂದೆ ಒಬ್ಬ ಅಕ್ಕಂಗೆ ಹಾಗಂದಿದ್ರಂತಲ್ಲ."

ನೀನು ಹೋಗಿ ಮೂರು ವರ್ಷವಾದರೂ ಆ ಮಾತು ಆ ಕಾರಿಡಾರಿನಲ್ಲೇ ಓಡಾಡಿಕೊಂಡಿತ್ತು. ನಿನ್ನನ್ನು ನೋಡದ ಮಕ್ಕಳೂ ಅದನ್ನು ಬಲ್ಲರು. ಒಬ್ಬರಿಗೊಬ್ಬರು ಎಚ್ಚರಿಕೆ ಹೇಳಿಕೊಳ್ಳುತ್ತಿದ್ದರು, ನೋವಾದರೆ ಹೇಳಬೇಡ ಎಂದು. ನಾನು ಕಲಿಸಿದ್ದರಲ್ಲಿ ಎಲ್ಲರೂ ಒಂದಿಷ್ಟೂ ಮರೆಯದೆ ಕಲಿತ ಪಾಠ ಅದೊಂದೇ.

ಅವಳ ಅಮ್ಮ ಬಾಗಿಲ ಬಳಿ ನಿಂತಿದ್ದರು. "ಕೈ ಸೋತಿದೆ ಅಂತಾಳೆ ಅಂತ ದಿನಾ ಎಣ್ಣೆ ಹಾಕಿ ಒತ್ತಿ ಒತ್ತಿ ಮತ್ತೆ ಕೂರಿಸ್ತಿದ್ದೆ ಮೇಡಂ. ನೀವು ಹೇಳಿದ್ದೀರಲ್ಲ, ದೊಡ್ಡ ವಾದ್ಯ ಬಿಡಬಾರದು ಅಂತ" ಎಂದರು. ಬೈಯಲಿಲ್ಲ. ಬೈದಿದ್ದರೆ ನಿಂತುಕೊಂಡು ಕೇಳಬಹುದಿತ್ತು.

ಮರುದಿನ ನಾನೇ ಅವರ ಜೊತೆ ವೈದ್ಯರ ಬಳಿ ಹೋದೆ. ಬೆರಳ ತುದಿಗೆ ಸೂಜಿ ಮುಟ್ಟಿಸಿ, ತಂತಿ ಹಚ್ಚಿ, ಪರದೆಯ ಮೇಲಿನ ಗೆರೆಗಳನ್ನು ತುಂಬ ಹೊತ್ತು ನೋಡಿದರು. ಆರು ತಿಂಗಳು ವಾದ್ಯ ಮುಟ್ಟುವ ಹಾಗಿಲ್ಲ. ಆಮೇಲೆ ಚಿಕ್ಕದು. ಬಹುಶಃ ಸರಿಹೋಗುತ್ತದೆ ಎಂದರು. ಬಹುಶಃ ಎಂಬ ಮಾತನ್ನು ಅವರು ಎರಡು ಸಲ ಹೇಳಿದ್ದನ್ನು ನಾನು ಎಣಿಸಿದೆ. ಪರೀಕ್ಷೆಯ ದಿನ ಅವಳ ಹೆಸರು ಕೂಗಿದಾಗ, ಬರುವುದಿಲ್ಲ ಎಂದು ನಾನೇ ಎದ್ದುನಿಂತು ಹೇಳಿದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳಿಗೆ ಆ ಅಧಿಕಾರವಿದೆ.

ನೀನು ಮೂರು ವರ್ಷ ಸುಮ್ಮನಿದ್ದೆ ಎಂಬ ಸಿಟ್ಟು ನನಗೆ ಈಗಲೂ ಒಂದೊಂದು ಸಲ ಏಳುತ್ತದೆ. ಬಚ್ಚಿಟ್ಟರೆ ಅದೂ ಇನ್ನೊಂದು ಟವೆಲ್ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಒಂದು ಲೆಕ್ಕ ನಿನ್ನದಲ್ಲ, ದಯವಿಟ್ಟು ಅದನ್ನು ಹೊರಬೇಡ. ಜಡೆಯವಳ ಕೈಗೆ ದೊಡ್ಡ ವಯೋಲಾ ಕೊಟ್ಟವಳು ನಾನು. ನೀನು ಇಪ್ಪತ್ತು ವರ್ಷದವಳು, ಜೋಮು ಹಿಡಿದ ಕೈಯಲ್ಲಿ ಬಾಗಿಲ ಬಳಿ ನಿಂತಿದ್ದೆ, ಅಷ್ಟೇ.

ಕಳೆದ ಇಪ್ಪತ್ತು ವರ್ಷದಲ್ಲಿ ನಾನು ದೊಡ್ಡ ವಯೋಲಾ ಹಿಡಿಸಿದವರ ಹೆಸರುಗಳನ್ನು ಹಾಜರಿ ಪುಸ್ತಕಗಳಿಂದ ತೆಗೆದು ಬರೆದೆ. ನಿನ್ನನ್ನು ಬಿಟ್ಟು ಮೂವತ್ತೊಂದು ಜನ. ಕೆಲವರು ಚೆನ್ನಾಗಿ ನುಡಿಸುತ್ತಿದ್ದಾರೆ, ಅವರ ಕೈ ದೊಡ್ಡದು. ಹನ್ನೊಂದು ಜನ ಬಿಟ್ಟುಬಿಟ್ಟಿದ್ದಾರೆ. ಯಾಕೆ ಬಿಟ್ಟರೆಂದು ನಾನು ಯಾರನ್ನೂ ಕೇಳಿರಲಿಲ್ಲ. ಕೆಲವರು ಈಗ ಮಕ್ಕಳಿಗೆ ಕಲಿಸುತ್ತಿದ್ದಾರೆ, ಮೊದಲ ದಿನ ಅಂಗೈಗೆ ಅಂಗೈ ಜೋಡಿಸುತ್ತಿರಬಹುದು. ಅವರೆಲ್ಲರಿಗೂ ಒಂದು ಪತ್ರ ಬರೆದಿದ್ದೇನೆ, ಪ್ರತಿಯೊಬ್ಬರಿಗೂ ಕೈಯಲ್ಲೇ. ಒಂದು ಪ್ರತಿ ಇದರ ಜೊತೆಗಿದೆ.

ಅದರ ಮೂರನೆಯ ಸಾಲು ನನ್ನನ್ನು ತುಂಬ ಸತಾಯಿಸಿತು. "ನನ್ನ ವಾದ್ಯವನ್ನು ಕಡಿದು ಚಿಕ್ಕದು ಮಾಡಿದ್ದು ನನಗೆ ಗೊತ್ತಿರಲಿಲ್ಲ" ಎಂದು ಬರೆದಿದ್ದೆ. ನಿಜವೇ. ಆದರೆ ಗೋಡೆಗೆ ಸಾಲಾಗಿ ನಿಂತ ವಯೋಲಾಗಳನ್ನು ದಿನವೂ ನೋಡಿದವಳು ನಾನೇ. ನಿಮ್ಮ ಯಾರ ವಾದ್ಯದಲ್ಲೂ ಒಂದು ದಿನವೂ ನುಡಿಸಿ ತೋರಿಸದವಳೂ ನಾನೇ, ನನ್ನದರಲ್ಲೇ ತೋರಿಸುತ್ತಿದ್ದೆ. ಹಿಂದೊಮ್ಮೆ ಗೆಳತಿಯೊಬ್ಬಳ ಹದಿನೇಳು ಇಂಚಿನದನ್ನು ಹಿಡಿದು, ಐದೇ ನಿಮಿಷಕ್ಕೆ ಹೆಗಲು ನೋಯತೊಡಗಿದಾಗ, "ನಿನ್ನ ವಾದ್ಯ ಸರಿ ಇಲ್ಲ ಕಣೇ" ಎಂದು ವಾಪಸು ಕೊಟ್ಟಿದ್ದೆ. ಅದಕ್ಕೇ ಆ ಸಾಲನ್ನು ಹೊಡೆದು, "ಗೊತ್ತಾಗದ ಹಾಗೆ ನೋಡಿಕೊಂಡೆ" ಎಂದು ಬರೆದೆ. ಮೂವತ್ತೊಂದರಲ್ಲೂ ಹಾಗೇ ಬರೆದಿದ್ದೇನೆ.

ಪತ್ರದ ಕೊನೆಯ ಪ್ಯಾರಾ ನಿನ್ನದು. ಹೆಸರಿಲ್ಲ. ನಿನ್ನ ಬೆರಳುಗಳು, ಆ ಎಂಟು ತಿಂಗಳು, ನಾನಾಡಿದ ಮಾತು, ಇಷ್ಟಿದೆ. ನಿನ್ನ ಜೊತೆಯವರು ಓದಿದರೆ ಯಾರೆಂದು ತಿಳಿದುಕೊಳ್ಳುತ್ತಾರೆ. ನಿನಗೆ ಬೇಡವೆಂದರೆ ಆ ಪ್ಯಾರಾ ತೆಗೆದು ಮೂವತ್ತೊಂದನ್ನೂ ಮತ್ತೆ ಬರೆಯುತ್ತೇನೆ, ಅದರಲ್ಲಿ ನನಗೆ ಕಷ್ಟವಿಲ್ಲ. ತಿದ್ದಬೇಕೆಂದರೆ ತಿದ್ದಿ ಕಳಿಸು. ನಾನು ನಿನ್ನ ಬಗ್ಗೆ ಬರೆದದ್ದನ್ನು ನೀನು ತಿದ್ದಬೇಕು ಎಂಬ ಆಸೆ ನನಗಿದೆ. ಕ್ಷಮೆ ಕೇಳುವ ಸಾಲನ್ನು ಈ ಪತ್ರದಲ್ಲಿ ಹಾಕಿಲ್ಲ. ಹಾಕಿದರೆ ನೀನು ಅದಕ್ಕೆ ಏನಾದರೂ ಉತ್ತರ ಕೊಡಬೇಕಾಗುತ್ತದೆ.

ಲಕೋಟೆಗಳನ್ನು ಇನ್ನೂ ಅಂಟಿಸಿಲ್ಲ. ನಿನ್ನ ಉತ್ತರ ಬಂದು ಸೇರಲು ಹತ್ತು ದಿನ ಸಾಕೆಂದು ಅಂದಾಜು ಮಾಡಿದ್ದೇನೆ. ಏನೂ ಬರದಿದ್ದರೆ ನಿನ್ನ ಪ್ಯಾರಾ ಇಲ್ಲದೆಯೇ ಕಳಿಸುತ್ತೇನೆ. ಆದರೆ ಕಳಿಸುವುದನ್ನು ಮುಂದಕ್ಕೆ ಹಾಕುವುದಿಲ್ಲ.

ಮೇಡಂ

ಮೂವತ್ತೊಂದನ್ನೂ ಅಂಚೆಗೆ ಹಾಕುವ ದಿನ: ಆಗಸ್ಟ್ 23, ಬುಧವಾರ.